ಬಟಾಣಿ ಕಾಳಿನಷ್ಟು ಮುಲಾಮು

ಚಿತ್ರದುರ್ಗ,
೨೨೬೧ನೇ ಇಸವಿ, ಎರಡನೇ ಬೇಸಿಗೆಯ ಮೂವತ್ತೆಂಟನೇ ದಿನ

ಹಿರಿಯಜ್ಜಿ ಸ್ಫೂರ್ತಿಯವರಿಗೆ, ನಿಮ್ಮ ವಂಶದ ಒಂಬತ್ತನೇ ತಲೆಮಾರಿನ ಮುಗಿಲೆಯ ನಮಸ್ಕಾರಗಳು.

ಈ ಕಾಗದ ತಲುಪುವಾಗ ನಿಮಗಿನ್ನೂ ಹದಿನಾರು ವರ್ಷ. ಹದಿನಾರರ ಹುಡುಗಿಯನ್ನು ಅಜ್ಜಿ ಎಂದು ಕರೆಯುತ್ತಿರುವುದಕ್ಕೂ, ನಡುವೆ ಬರುವ ನಮ್ಮ ಕಾಲದ ಮಾತುಗಳಿಗೂ ಕ್ಷಮೆಯಿರಲಿ. ನೀವೀಗ ಕನ್ನಡಿಯ ಮುಂದೆ ನಿಂತು ಮೊಡವೆಗಳಿಗೆ ಶಾಪ ಹಾಕುತ್ತಿರುತ್ತೀರಿ. ಮುಚ್ಚಿಟ್ಟು ಏನು ಪ್ರಯೋಜನ, ಆ ಮೊಡವೆಗಳನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಮೊಡವೆ ಇಲ್ಲ. ಕೂಸಿಗೆ ಹೆಸರಿಡುವ ದಿನವೇ 'ತೊಗಲೊಪ್ಪ' ಕೊಡಿಸುತ್ತಾರೆ. ಬೆಳ್ಳಿ ಪಾತ್ರೆಗೆ ಒಪ್ಪ ಹಾಕಿದ ಹಾಗೆ ಚರ್ಮಕ್ಕೆ ಮಾಡುವ ಉಪಚಾರ ಅದು. ಒಪ್ಪ ಬಲಿಯುವ ತನಕ, ಅಂದರೆ ಇಪ್ಪತ್ತು ತುಂಬುವವರೆಗೆ, ಮುಖವನ್ನು ಯಾರೂ ಮುಟ್ಟಬಾರದು. ಮುಟ್ಟಿದರೆ ಒಪ್ಪ ಕೆಡುತ್ತದೆ. ಮುದ್ದು ಮಾಡುವವರು ಭುಜ ತಟ್ಟುತ್ತಾರೆ. ದೃಷ್ಟಿ ತೆಗೆಯುವ ಅಜ್ಜಿಯರೂ ಗಾಳಿಯನ್ನೇ ಸವರಿ ನೆಟಿಗೆ ಮುರಿಯುತ್ತಾರೆ. ನನಗೀಗ ಹತ್ತೊಂಬತ್ತು. ನನ್ನ ಮುಖ ಅಂಗಡಿಯಿಂದ ಈಗಷ್ಟೇ ತಂದ ತಟ್ಟೆಯ ಹಾಗಿದೆ.

ತಂಗಿ ಚಿಗುರಿಗೆ ಮಾತ್ರ ಹೆಸರಿಡುವ ದಿನ ಜ್ವರವಿತ್ತು, ಒಪ್ಪ ತಪ್ಪಿತು. ಹದಿನಾಲ್ಕಕ್ಕೆ ಅವಳ ಹಣೆ, ಗಲ್ಲದ ಮೇಲೆ ಮೊಡವೆ ಎದ್ದವು. ಓಣಿಯ ಜನವೆಲ್ಲ ನೋಡಲು ಬಂದರು. ಅವಳು ಮುಸುಕು ಹೊದ್ದು ಅತ್ತಳು. ವೈದ್ಯರಿಗೆ ಈ ಕಾಯಿಲೆಯೇ ಮರೆತುಹೋಗಿತ್ತು. ಕೊನೆಗೆ ಹಳೆಯ ಔಷಧ ತಯಾರಿಸುವ ಒಬ್ಬರು ನೀವು ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮನ್ನೇ ಮಾಡಿಕೊಟ್ಟರು. ಎಷ್ಟು ಹಚ್ಚಬೇಕೆಂಬುದು ನಿಮ್ಮಿಂದಲೇ ಬಾಯಿಂದ ಬಾಯಿಗೆ ಬಂದು ಮನೆಯಲ್ಲಿ ಗಾದೆಯಂತೆ ಉಳಿದಿತ್ತು: "ಬಟಾಣಿ ಕಾಳಿನಷ್ಟು, ಮುಖಕ್ಕೆಲ್ಲ." ಅಮ್ಮ ಆ ಮಾತು ಮೀರಲಿಲ್ಲ. ಆದರೆ ಹಿರಿಯಜ್ಜಿ, ನಮ್ಮ ಕಾಲದ ಬಟಾಣಿ ನಿಂಬೆಹಣ್ಣಿನ ಗಾತ್ರದ್ದು.

ಬೆಳಗಾಗುವುದರೊಳಗೆ ಚಿಗುರಿಯ ಮುಖ ಕೆಂಪೇರಿ ಸಿಪ್ಪೆ ಏಳತೊಡಗಿತ್ತು. ದಿಂಬಿನ ನೀಲಿ ಕವರಿನ ಮೇಲೆ ಬಿಳಿ ಕಲೆಗಳು. ನಮ್ಮ ಮನೆಯ ಮದುಮಗಳ ದಿಂಬಿಗೆ, ನಿಮ್ಮ ದಿಂಬಿನ ಕವರಿನ ಮಾದರಿಯಲ್ಲಿ, ನೀಲಿಯ ಮೇಲೆ ಬಿಳಿ ಮೋಡಗಳ ಕಸೂತಿ ಹಾಕುವುದು ರೂಢಿ. ಅವು ಮೋಡಗಳಲ್ಲ, ಮುಲಾಮು ಬಣ್ಣ ತೆಗೆದ ಕಲೆಗಳು ಎಂದು ಅವತ್ತು ತಿಳಿಯಿತು. ಚಿಗುರಿಗೆ ಅಸಲಿ ಕಲೆ ಸಿಕ್ಕಿತು, ನನಗೆ ಮದುವೆಯ ದಿನ ಸಿಗುವುದು ಕಸೂತಿ.

ಮುಖ ಆರಿದ ಮೇಲೆ ಅಮ್ಮ ಬೆರಳ ತುದಿಗೆ ಚೂರೇ ಚೂರು ತೆಗೆದುಕೊಂಡು, ದಿನ ಬಿಟ್ಟು ದಿನ, ಕಣ್ಣು ತುಟಿಗಳಿಗೆ ತಾಗದಂತೆ ತೆಳ್ಳಗೆ ಹಚ್ಚಿದಳು. ಚರ್ಮ ಒಣಗದಿರಲೆಂದು ಮೇಲೊಂದು ಕ್ರೀಮು. ನಮ್ಮ ಔಷಧಗಳು ಬೆಳಿಗ್ಗೆ ಕೊಟ್ಟರೆ ದೀಪ ಹಚ್ಚುವ ಹೊತ್ತಿಗೆ ಗುಣ ತೋರಿಸುತ್ತವೆ. ನಿಮ್ಮದು ವಾರಗಟ್ಟಲೆ ಕಾಯಿಸಿತು. ಅಷ್ಟೂ ವಾರ ಚಿಗುರಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. "ಅಲುಗಾಡಬ್ಯಾಡ್ವೇ, ಕಣ್ಣಿಗೆ ಹೋಗ್ತೈತೆ" ಎಂದು ಗದರುತ್ತ ಅಮ್ಮ ಅವಳ ಹಣೆ, ಮೂಗು, ಗಲ್ಲ ಸವರುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಮ್ಮನ ಬೆರಳು ನನ್ನ ಮುಖಕ್ಕೆ ಒಮ್ಮೆಯೂ ತಾಗಿರಲಿಲ್ಲ.

ನಿನ್ನೆ ಸಂಜೆ ಚಿಗುರಿ ತಿಳಿಯಾದ ಮುಖ ಹೊತ್ತು, ಕರೆದರೂ ನಿಲ್ಲದೆ ಆಟಕ್ಕೆ ಓಡಿದಳು. ಅಮ್ಮ ಬೆರಳಿಗೆ ಮುಲಾಮು ಹಿಂಡಿಕೊಂಡು ಕೂತಿದ್ದಳು. ನಾನು ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟೆ. "ನಿಂಗೆಲ್ಲೈತೆ ಮೊಡವೆ?" ಎಂದಳು. ನಾನು ಕಣ್ಣು ಮುಚ್ಚಿಕೊಂಡೆ. ಒಪ್ಪ ಕೆಟ್ಟರೆ ಕೆಡಲಿ. ಅಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಬರಿಗೈಯಲ್ಲಿ ನನ್ನ ಹಣೆ ಸವರಿದಳು.

ಹಿರಿಯಜ್ಜಿ, ನಿಮ್ಮಲ್ಲಿ ಒಂದೇ ಕೋರಿಕೆ. ಮುಲಾಮು ಹಚ್ಚಲು ನಿಮ್ಮಮ್ಮ ಕರೆದಾಗ, ನಾನೇ ಹಚ್ಕೋತೀನಿ ಬಿಡು ಎನ್ನಬೇಡಿ.

ಅಮ್ಮನ ನೀಲಿ ಸೆರಗಿನಲ್ಲಿ ಇವತ್ತು ಒಂದು ಬಿಳಿ ಕಲೆ ಕಾಣಿಸಿದೆ. ಅದು ನನ್ನದು. ಚಿಗುರಿಗೆ ಕೊಡುವುದಿಲ್ಲ.

ನಿಮ್ಮ,
ಮುಗಿಲೆ