ಎಡಗಾಲಿನ ಶೂ

ಮಂಗಳವಾರ, ಹನ್ನೊಂದನೇ ತಾರೀಖು

ಪ್ರೀತಿಯ ಪುಟ್ಟಿಗೆ, ಅಣ್ಣನ ಆಶೀರ್ವಾದ.

ನಿನ್ನ ಮೂರು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈದುಕೊಂಡೇ ಓದು. ಶಾಲೆ ಶುರುವಾಗುವುದರೊಳಗೆ ಹೊಸ ಶೂ ಬೇಕೆಂದು ನೀನು ಬರೆದಿದ್ದೆ. ನಾನು ಹೊಲಿದೂ ಇಟ್ಟಿದ್ದೆ. ಎಡಗಾಲಿನದರ ಒಳಗೆ ಎಂದಿನಂತೆ ಎರಡು ಬೆರಳು ದಪ್ಪದ ಕಾರ್ಕು ಕೂರಿಸಿದ್ದೆ, ಹೊರಗೆ ಕಾಣದ ಹಾಗೆ. ಚಿಕ್ಕಂದಿನಲ್ಲಿ ಓಣಿಯ ಮಕ್ಕಳು ನಿನ್ನ ನಡಿಗೆಯನ್ನು ಅಣಕಿಸಿದ ಮೇಲೆ ನಾನು ಹಟ ಹಿಡಿದು ಕಲಿತ ಕೆಲಸ ಅದು. ಟೀಚರಾದ ನಿನ್ನ ಒಂದು ಕಾಲು ಗಿಡ್ಡವೆಂದು ಶಾಲೆಯಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ. ನನ್ನ ಕಸುಬಿಗೆ ಬೇರೆ ಬಿರುದು ಬೇಕಿರಲಿಲ್ಲ.

ಅಷ್ಟರಲ್ಲಿ ಅಂಗಡಿ ತಪಾಸಣೆಗೆ ಇನ್ಸ್‌ಪೆಕ್ಟರ್ ಬಂದ. ಹೊಸ ನಿಯಮವಂತೆ: ಜೊತೆಯ ಎರಡೂ ಶೂ ಒಂದೇ ಎತ್ತರ, ಒಂದೇ ತೂಕ ಇರಬೇಕು. ತಕ್ಕಡಿಗಿಟ್ಟ. ಎಡಗಡೆ ತಟ್ಟೆ ಕೆಳಗಿಳಿಯಿತು.

"ದೋಷದ ಮಾಲು ಕಣ್ರೀ ಇದು."

"ಸ್ವಾಮಿ, ಕಾಲೇ ಹಾಗಿದೆಯಲ್ಲ!"

"ಕಾಲು ನಮ್ಮ ಇಲಾಖೆಗೆ ಬರಲ್ಲ."

ನಕ್ಕುಬಿಟ್ಟೆ. ಅದೇ ತಪ್ಪಾಯಿತು. ಅಂಗಡಿಗೇ ಬೀಗ, ಅದರ ಮೇಲೆ ಅರಗಿನ ಮೊಹರು.

ಬೋರ್ಡಿನ ಅಕ್ಷರದ ದಪ್ಪಕ್ಕೆ ನಿಯಮ ಬಂದಾಗ ಅಪ್ಪ ಮೂರು ಸಲ ಬೋರ್ಡು ಬರೆಸಿದ್ದು ನಿನಗೆ ನೆನಪಿರಬೇಕು. ಆಮೇಲೆ ಅಂಟು ಕಾಯಿಸುವ ಒಲೆಗೆ ಲೈಸೆನ್ಸ್, ಕಿಟಕಿ ಇಡಿಸಲು ಒಂದು ಅನುಮತಿ, ಮುಚ್ಚಿಸಲು ಇನ್ನೊಂದು. ಒಂದೊಂದಕ್ಕೂ ಕಾರಣವಿತ್ತು, ಎಲ್ಲವನ್ನೂ ಓದಿದ್ದೇನೆ. ಎಲ್ಲ ಸೇರಿದ ಮೇಲೆ ಉಸಿರಾಡಲು ಜಾಗ ಉಳಿಯಲಿಲ್ಲ.

ವಿನಾಯಿತಿಗೆ ಅರ್ಜಿ ಹಾಕಿದರೆ ಮಾದರಿ ಶೂ ತನ್ನಿ ಎಂದರು. ಅದು ಬೀಗದೊಳಗಿದೆ ಎಂದೆ. "ಬೀಗ ತೆಗೆಯೋಕೆ ವಿನಾಯಿತಿ ಪತ್ರ ಬೇಕಲ್ಲ, ಯಜಮಾನ್ರೇ," ಎಂದಳು ಗುಮಾಸ್ತೆ. ಪಾಪ, ಅವಳಿಗೂ ಸಂಕಟವೇ. ನಿನ್ನ ಅತ್ತಿಗೆಯೋ, "ಕಾನೂನು ಪುಸ್ತಕ ಓದಿ ಯಾರನ್ನ ಗೆಲ್ತೀರಿ? ಸುಮ್ನೆ ರುಜು ಹಾಕಿ ಬನ್ನಿ," ಎಂದು ಗದರಿದಳು.

ನಾಲ್ಕನೇ ಸಲ ಹೋದಾಗ ಕೆಲಸವಾಯಿತು. ಪಾರ್ಸಲ್ ಇದರ ಜೊತೆಗೇ ಬರುತ್ತದೆ. ನೂರು ಕಾಲ ನೆಟ್ಟಗೆ ನಡೆ, ತಾಯಿ.

ನಿನ್ನ ಅಣ್ಣ

ತಾ.ಕ.: ಮೇಲೆ ಬರೆಯಲು ಕೈ ಏಳಲಿಲ್ಲ. ಮಾದರಿ ಇಲ್ಲದಿದ್ದರೆ ಹಾಕಿಕೊಳ್ಳುವವರ ಹೆಸರು ಕೊಡಿ ಎಂದಿದ್ದರು. ಮೂರು ಸಲ ಬಾಯಿ ಬಿಡಲಿಲ್ಲ, ಪುಟ್ಟಿ. ನಾಲ್ಕನೇ ಸಲ ನಿನ್ನ ಹೆಸರು, ಶಾಲೆಯ ವಿಳಾಸ ಎರಡನ್ನೂ ಬರೆದುಕೊಟ್ಟೆ. ವಿನಾಯಿತಿ ಪಡೆದ ಶೂಗೆ ಹೊರಗಡೆ, ಹತ್ತು ಹೆಜ್ಜೆ ದೂರದಿಂದ ಕಾಣುವಂತೆ ಹಳದಿ ಪಟ್ಟಿ ಇರಬೇಕಂತೆ, ಕಿತ್ತರೆ ಅಪರಾಧ. ಅದನ್ನು ಹೊಲಿದದ್ದೂ ನಾನೇ.