ಬಾಗಿಲಿಗೆ ಸಿಕ್ಕಿದ ಸೆರಗು

ಗಡಹಿಂಗ್ಲಜ
ಸೋಮವಾರ, 17 ಫೆಬ್ರುವರಿ 2025

ನಿಖಿಲ ಅವರಿಗೆ ರುಪಾಲಿಯ ಜಯ ಜಿನೇಂದ್ರ.

ಪಿಸ್ತೂಲಿನ ವಿಷಯವನ್ನು ಯಾರೂ ಬರವಣಿಗೆಯಲ್ಲಿ ತರಬೇಡಿರಿ ಎಂದು ನಿಮ್ಮ ವಕೀಲರು ಹೇಳಿದ್ದಾರಂತೆ. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀವು ಮಾತನಾಡುವಾಗ ಪಕ್ಕದಲ್ಲಿ ಯಾರೋ ಉಸಿರಾಡುವುದು ಕೇಳಿಸುತ್ತದೆ. ನೀವು ಹೂಂ ಅನ್ನುವ ಮೊದಲೇ ಅತ್ತೆ ಕೆಮ್ಮುತ್ತಾರೆ. ಈ ಪತ್ರವನ್ನು ನನ್ನ ಸೋದರಮಾವ ಪಾರೀಸ ಮಾಮಾ ಇಚಲಕರಂಜಿಗೆ ಬಂದು ನಿಮ್ಮ ಕೈಗೇ ಕೊಡುತ್ತಾರೆ. ಲಕೋಟೆಯ ಅಂಚು ಮೊದಲೇ ಹರಿದಿದ್ದರೆ ಅವರ ಎದುರಿಗೇ ಹೇಳಿಬಿಡಿ.

ಸಿಟ್ಟು ಮಾಡಿಕೊಂಡು ತವರಿಗೆ ಹೋಗಿದ್ದಾಳೆ ಎಂದು ನೀವು ಎಲ್ಲರಿಗೂ ಹೇಳುತ್ತಿದ್ದೀರಿ. ಸಿಟ್ಟು ಇದೆ. ಆದರೆ ಬಂದದ್ದು ಅದಕ್ಕಲ್ಲ. ಗುರುವಾರ ನಾನು ಠಾಣೆಯಲ್ಲಿ ಹೇಳಿಕೆ ಕೊಡಬೇಕು. ಆ ಮನೆಯಲ್ಲೇ ಉಳಿದಿದ್ದರೆ ನಾನು ಕಣ್ಣಾರೆ ಕಂಡದ್ದು ಯಾವುದು, ನೀವೆಲ್ಲ ಕೂಡಿ ನನಗೆ ಕಾಣಿಸಿದ್ದು ಯಾವುದು ಎಂಬುದೇ ಗೊತ್ತಾಗದೆ ಹೋಗುತ್ತಿತ್ತು. ಮೊದಲ ದಿನ ನೀವು ಆ ಬೈಕಿನವನ ಕೈ ಕಂಡಿತು ಎಂದಿರಿ. ಮರುದಿನ ಆ ಕೈಯಲ್ಲಿ ಏನೋ ಇತ್ತು. ಆಮೇಲೆ ಅದು ಹೊಳೆಯತೊಡಗಿತು. ಈಗ ಮಾವನವರ ಬಾಯಲ್ಲಿ ಅದು ಚಾಕು. ಇನ್ನೊಂದು ವಾರ ಬಿಟ್ಟರೆ ಅದು ತಲವಾರವೇ ಆದೀತು.

ನಾನು ಕಂಡದ್ದನ್ನು ಬರೆಯುತ್ತೇನೆ. ಎಲ್ಲಿ ಸುಳ್ಳಿದೆಯೋ ಅಲ್ಲಿ ಗೆರೆ ಎಳೆದು ವಾಪಸು ಕಳಿಸಿರಿ.

ಕೊಲ್ಹಾಪುರದಲ್ಲಿ ಮದುವೆ ಊಟ ಮುಗಿಸಿ ಬರುತ್ತಿದ್ದೆವು. ನೂಲಿನ ವ್ಯಾಪಾರದ ರೊಕ್ಕ ಒಯ್ಯುವಾಗ ಬೇಕೆಂದು ಪರವಾನಗಿ ತೆಗೆಸಿದ ಪಿಸ್ತೂಲು ಮದುವೆ ಊಟಕ್ಕೂ ಬಂದಿತ್ತು. ಹಾತಕಣಂಗಲೆಯಲ್ಲಿ ನಮ್ಮ ಊರಿನ ರಸ್ತೆಗೆ ತಿರುಗಿದ ಮೇಲೆ ಹಿಂದಿನಿಂದ ಒಂದು ಬೈಕು ಹಾರ್ನ್ ಹೊಡೆಯುತ್ತ ಬಂತು. ಸವಾರ ಕೈ ಬೀಸುತ್ತಿದ್ದ, ಏನೋ ಕೂಗುತ್ತಿದ್ದ. ಬಿಸಿಲೆಂದು ಗಾಜು ಏರಿಸಿದ್ದೆವು, ಕೇಳಿಸಲಿಲ್ಲ. "ಇಂವಾ ನಮ್ಮ ಬೆನ್ನ ಹತ್ಯಾನ ನೋಡ್ರಿ" ಎಂದು ಮೊದಲು ಅಂದವಳು ನಾನೇ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮಹಿಳಾ ಸಂಘದ ಕಿರುಹೊತ್ತಿಗೆ ಓದಿದ ಸೊಕ್ಕಿನಲ್ಲಿ, ಮೊದಲ ಹೊಡೆತ ಬೀಳುವ ತನಕ ಕಾಯಬೇಕೆಂದು ಕಾಯ್ದೆ ಹೇಳುವುದಿಲ್ಲ ಎಂದೂ ಸೇರಿಸಿದೆ. ನೀವು ನಕ್ಕು, ಆಗಲಿ ವಕೀಲಬಾಯಿ ಎಂದಿರಿ. ನಗುತ್ತಿದ್ದಾಗಲೇ ನಿಮ್ಮ ಎಡಗೈ ಸೀಟಿನ ಬದಿಯ ಚೀಲಕ್ಕೆ ಹೋಯಿತು.

ಮುಂದೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ನಾವು ನಿಂತೆವು. ಬೈಕಿನವನು ಇಳಿದು ನನ್ನ ಬಾಗಿಲ ಬಳಿ ಬಗ್ಗಿದ. ನೀವು ಕಾರು ಸುತ್ತಿ ಹೋಗಿ ಅವನಿಗೆ ಪಿಸ್ತೂಲು ಹಿಡಿದಿರಿ. ಅವನು ಎರಡೂ ಕೈ ಮೇಲೆತ್ತಿದ. ಬಲಗೈಯಲ್ಲಿ ಇದ್ದದ್ದು ನನ್ನ ಹಸಿರು ಸೀರೆಯ ಸೆರಗು. ಅದು ಬಾಗಿಲಿಗೆ ಸಿಕ್ಕಿ ಹೊರಗೇ ಉಳಿದಿತ್ತು. ಗಾಳಿಗೆ ಹಾರಿ ಹಾರಿ ಹಿಂದಿನ ಗಾಲಿಗೆ ತಾಗಿ, ಒಂದು ಗೇಣು ಹರಿದು ಕಪ್ಪಾಗಿತ್ತು.

"ದಾದಾ, ಅಕ್ಕಾರ್ದು ಸೆರಗ ಗಾಲಿಗಿ ಸಿಗಾಕತ್ತಿತ್ರಿ. ಹೇಳಾಕ ಬಂದೇನಿ" ಎಂದ.

ಬೈಕಿನ ಸ್ಟ್ಯಾಂಡ್ ಕೆಳಗಿದ್ದರೆ, ಓಢಣಿ ಚಕ್ರದ ಕಡೆ ಹಾರುತ್ತಿದ್ದರೆ, ಗುರುತಿಲ್ಲದವರೂ ಬೆನ್ನು ಹತ್ತಿ ಬಂದು ಕೂಗಿ ಹೇಳುತ್ತಾರೆ. ನಮ್ಮ ರಸ್ತೆಗಳಲ್ಲಿ ದಿನಾ ನಡೆಯುವ ಮಾತು. ನೀವೇ ಎಷ್ಟು ಜನರಿಗೆ ಕೂಗಿಲ್ಲ?

ಅವನ ಮಾತು ನಿಮಗೆ ಕೇಳಿಸಿತು. ನಿಮ್ಮ ಕಣ್ಣು ನನ್ನ ಮುಖಕ್ಕೆ ಬಂದು ಮತ್ತೆ ಅವನ ಮುಖಕ್ಕೆ ಹೋಯಿತು. ಸೆರಗಿನ ಮೇಲೆ ಬೀಳಲಿಲ್ಲ. ಟ್ರ್ಯಾಕ್ಟರಿನವರು ಇಳಿದು ನೋಡುತ್ತಿದ್ದರು. ಅಷ್ಟು ಜನರ ಎದುರು ಹೊರತೆಗೆದ ಪಿಸ್ತೂಲನ್ನು ಸುಮ್ಮನೆ ಒಳಗಿಡುವುದು ನಿಮ್ಮಿಂದ ಆಗಲಿಲ್ಲ. ಹಿಂದ ಸರಿ, ಹಿಂದ ಸರಿ ಎಂದಿರಿ. ಅವನು ಕೈ ಎತ್ತಿಕೊಂಡೇ ಸರಿದ. ಸರಿಯುತ್ತ ಸರಿಯುತ್ತ ಕಟ್ಟೆ ಇಲ್ಲದ ಮೋರಿಯೊಳಗೆ ಬಿದ್ದ. ಅವನನ್ನು ಎತ್ತುವ ಮೊದಲೇ ನೀವು ಜನರ ಕಡೆ ತಿರುಗಿ, "ಲೂಟಿ ಮಾಡಾಕ ಬಂದಿದ್ದಾ" ಎಂದಿರಿ.

ಅವನ ಹೆಸರು ಕೃಷ್ಣಾತ. ನಿಮ್ಮ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಮಾತನಾಡಿದ್ದನ್ನು ನಾನು ಕೇಳಿಲ್ಲ. ಪವರ್‌ಲೂಮಿನಲ್ಲಿ ಕೆಲಸ. ಬಲಗೈ ಎರಡು ಕಡೆ ಮುರಿದಿದೆ. ನನ್ನ ತಂಗಿ ರುತುಜಾ ಆಸ್ಪತ್ರೆಗೆ ಹೋಗಿ ಬಂದಳು. ಮಂಚದ ಪಕ್ಕದಲ್ಲಿ ಪೊಲೀಸ್ ಕುಳಿತಿದ್ದಾನೆ, ಸುಲಿಗೆಗೆ ಯತ್ನಿಸಿದ ಕೇಸು ಬಿದ್ದಿದೆ. ನಾನು ಚಾಕು ಕಂಡೆ ಎಂದರೆ ಅವನು ಆ ಮಂಚದಿಂದ ನೇರ ಜೈಲಿಗೆ ಹೋಗುತ್ತಾನೆ.

ನೀವು ಕಾಯ್ದೆಗೆ ಹೆದರಿ ಸುಳ್ಳು ಹೇಳುತ್ತಿದ್ದರೆ ಇದನ್ನು ಕೇಳಿರಿ. ನೀವು ಹೆದರಿದ್ದು ತಪ್ಪಲ್ಲ. ಗುರುತಿಲ್ಲದವನೊಬ್ಬ ಬೆನ್ನು ಹತ್ತಿ ಬಂದು ಹೆಂಡತಿಯ ಬಾಗಿಲಿಗೆ ಬಗ್ಗಿದರೆ ಯಾರಾದರೂ ಹೆದರುತ್ತಾರೆ. ಹೆದರಿಕೆಗೆ ತಕ್ಕ ಕಾರಣವಿದ್ದರೆ, ಆಮೇಲೆ ಅದು ತಪ್ಪು ತಿಳಿವಳಿಕೆ ಎಂದಾದರೂ, ಕಾಯ್ದೆ ನಿಮ್ಮ ಕಡೆ ನಿಲ್ಲಬಹುದು. ಆದರೆ ರಕ್ಷಣೆಯ ಹಕ್ಕು ಹೆದರಿಕೆ ಇರುವ ತನಕ ಮಾತ್ರ ಇರುತ್ತದೆ. ಕೃಷ್ಣಾತ ಸೆರಗು ಎತ್ತಿ ತೋರಿಸಿದ ಮೇಲೆ ನಿಮ್ಮ ಕೈಯಲ್ಲಿ ಉಳಿದದ್ದು ಬರೀ ಪಿಸ್ತೂಲು. ಪರವಾನಗಿ ಬಂದ ದಿನ ಬಸದಿಯ ಪುಸ್ತಿಕೆ ತೋರಿಸಿ, ತನ್ನವರನ್ನು ಕಾಯಲು ಮಾಡುವ ಹಿಂಸೆ ವಿರೋಧಿ ಹಿಂಸೆ, ಗೃಹಸ್ಥನಿಗೆ ಅದು ಕ್ಷಮ್ಯ ಎಂದು ನನ್ನ ಬಾಯಿ ಮುಚ್ಚಿಸಿದ್ದಿರಿ. ನಾನು ಮುಂದಿನ ಪುಟವನ್ನೂ ಓದಿದ್ದೇನೆ. ಎದುರಿನವನು ಕೈ ಎತ್ತಿದ ಮೇಲೆ ಮಾಡಿದ್ದಕ್ಕೆ ಅಲ್ಲಿ ಬೇರೆ ಹೆಸರಿದೆ: ಸಂಕಲ್ಪಿ ಹಿಂಸೆ, ಬೇಕೆಂದೇ ಮಾಡಿದ್ದು.

ನೀವು ನೀರು ಸೋಸದೆ ಕುಡಿಯುವವರಲ್ಲ. ಹೊತ್ತು ಮುಳುಗಿದ ಮೇಲೆ ತಟ್ಟೆ ಮುಟ್ಟುವವರಲ್ಲ. ಆ ನೇಮವನ್ನು ನಂಬಿಯೇ ಇಷ್ಟು ಬರೆದಿದ್ದೇನೆ. ಉಳಿದ ಯಾವುದನ್ನೂ ನಂಬುತ್ತಿಲ್ಲ.

ಅತ್ತೆಯ ಅಕ್ಕರೆಯನ್ನಂತೂ ನಂಬುತ್ತಿಲ್ಲ. ಮದುವೆಯಾದಾಗಿನಿಂದ ನನ್ನ ಬಟ್ಟೆಯ ಚಿಂತೆ ಮಾಡಿದವರಲ್ಲ; ಹೋದ ವಾರ ಮೇಲಿಂದ ಮೇಲೆ ಫೋನು, ಆ ಹಸಿರು ಸೀರೆ ಕಳಿಸು, ಕಲೆ ತೆಗೆಸೋಣ ಎಂದು. ಶುಕ್ರವಾರ ನಿಮ್ಮ ತಮ್ಮ ಸೌರಭ ಅದಕ್ಕೆಂದೇ ಇಲ್ಲಿಗೆ ಬಂದ. ಹಸಿರು ಸೀರೆ ಮಡಚಿ ಚೀಲದಲ್ಲಿ ಹಾಕಿ ಕೊಟ್ಟೆ. ಚಹಾ ಕುಡಿದು ಹೋಗು ಎಂದರೆ, ಗಾಡಿ ಚಾಲೂ ಐತಿ ವೈನಿ ಎಂದು ಓಡಿದ. ನಿನ್ನೆ ಅತ್ತೆ ಭಾಳ ಮೆತ್ತಗೆ ಮಾತನಾಡಿದರು: "ಸೀರಿ ನಾನ ಕೈಲೆ ಒಗದೇನವಾ. ಗಾಲೀ ಕರೀ ಕಲೆ ಪೂರಾ ಹೋತು. ಹರದದ್ದೂ ಹೊಲಿಸೇನಿ. ಇನ್ನ ಅದರ ಚಿಂತಿ ಬಿಡು." ಆಗಲಿ ಅತ್ತೆ ಎಂದು ಫೋನ್ ಇಟ್ಟೆ.

ಗುರುವಾರದ ಮೊದಲು ನೀವೇ ಠಾಣೆಗೆ ಹೋಗಿ ನಡೆದದ್ದನ್ನು ಹೇಳಿರಿ. ಹೇಳಿದರೆ ನಾನು ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ, ನಿಮ್ಮನ್ನು ಮೊದಲು ಹೆದರಿಸಿದವಳು ನಾನು ಎಂದೂ ಬರೆಸುತ್ತೇನೆ. ಹೇಳದಿದ್ದರೆ ಎದುರಿಗೆ ನಿಲ್ಲುತ್ತೇನೆ. ನಿಮ್ಮ ಮನೆಯ ಬಾಗಿಲು ಆಮೇಲೆ ನನಗೆ ತೆರೆಯುವುದಿಲ್ಲ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಗುರುವಾರದ ತನಕ ನಿಮ್ಮ ದಾರಿ ನೋಡುವ,
ರುಪಾಲಿ

ತಾ.ಕ.: ಸೌರಭನ ಕೈಯಲ್ಲಿ ಕೊಟ್ಟದ್ದು ನನ್ನ ಸೀರೆ ಅಲ್ಲ, ರುತುಜಾಳದು. ಅಪ್ಪ ನಮ್ಮಿಬ್ಬರಿಗೂ ಒಂದೇ ಅಂಗಡಿಯಲ್ಲಿ ಒಂದೇ ಥರದ್ದು ತೆಗೆದಿದ್ದರು. ಕೊಡುವಾಗ ಅವಳು ಮುಖ ಊದಿಸಿಕೊಂಡಳು, ಹೊಸದೊಂದು ಕೊಡಿಸಬೇಕಾಗಿದೆ. ಅವಳ ಸೆರಗಿಗೆ ಕಲೆಯೂ ಇರಲಿಲ್ಲ, ಅದು ಹರಿದೂ ಇರಲಿಲ್ಲ. ಹಾಗಾದರೆ ಅತ್ತೆ ಒಗೆದದ್ದು ಏನನ್ನು, ಹೊಲಿಸಿದ್ದು ಏನನ್ನು? ಮಡಿಕೆ ಕೂಡ ಬಿಚ್ಚದೆ ಒಲೆಗೆ ಹಾಕಿದಿರಿ ಎಂದು ನನ್ನ ಅನುಮಾನ. ನನ್ನದು ಎಲ್ಲಿದೆ ಎಂದು ಬರೆಯುವುದಿಲ್ಲ. ಗುರುವಾರ ನನ್ನ ಜೊತೆ ಬರುತ್ತದೆ. ಸೆರಗನ್ನು ಒಮ್ಮೆ ನೋಡಿದ್ದರೆ ಸಾಕಿತ್ತು, ನಿಖಿಲ. ಮೊನ್ನೆ ಮನೆಯಲ್ಲೂ, ಆ ದಿನ ರಸ್ತೆಯಲ್ಲೂ.