ನೂರರಲ್ಲಿ ಮೂರು

ಜುಲೈ 8, ಮಂಗಳವಾರ
ಬೆಳಿಗ್ಗೆಯೇ ಲ್ಯಾಬಿಗೆ ನಲವತ್ತು ರಕ್ತದ ಸ್ಯಾಂಪಲ್. ಅದರಲ್ಲೊಂದು ನನ್ನ ಮೈದುನ ಹರಿಕೃಷ್ಣನದು. ಟ್ರಾಕ್ಟರ್ ಮಗುಚಿ ಸೊಂಟ, ತೊಡೆ ಮುರಿದು ಇಂದಿಗೆ ನಾಲ್ಕು ದಿನ. ಸೋಂಕು ರಕ್ತಕ್ಕಿಳಿದಿದೆ — ಸೆಪ್ಸಿಸ್. ಬಿಳಿ ರಕ್ತಕಣದ ಕೌಂಟ್ ಇಪ್ಪತ್ತೊಂದು ಸಾವಿರ.
ಮಾವ ಲ್ಯಾಬ್ ಬಾಗಿಲಲ್ಲೇ ನಿಂತಿದ್ದರು. "ಏನಮ್ಮಾ ತನುಜಾ, ಏನ್ ತೋರಿಸ್ತೈತೆ?"
"ಬಿಳಿ ರಕ್ತಕಣ ಜಾಸ್ತಿ ಆಗವೆ ಮಾವ. ಕೌಂಟ್ ಇಳಿದ್ರೆ ಸರಿಹೋಗ್ತಾನೆ."
ಸಮಾಧಾನಕ್ಕೆ ಅಂದೆ.

ಜುಲೈ 9
ಹದಿನಾರು ಸಾವಿರ. ಸಂಜೆ ಜಂಗಮಕೋಟೆಗೆ, ಅತ್ತೆಮನೆಗೆ ಹೋದೆ. ರೇಷ್ಮೆ ಹುಳುವಿನ ಮನೆಯೊಳಗೆ ನನಗೆ ಪ್ರವೇಶವಿಲ್ಲ. ಆಸ್ಪತ್ರೆಯವಳು, ಹುಳುಗಳಿಗೆ ರೋಗ ತರುತ್ತೇನಂತೆ. ಏಳು ವರ್ಷದ ಕಟ್ಟಳೆ. ಅತ್ತೆ ಹೊಸ್ತಿಲಾಚೆಯಿಂದಲೇ ಕೇಳಿದರು — "ಇಳೀತೇನಮ್ಮಾ?" ಇಳಿಯಿತು ಅಂದೆ. ರೋಗ ಬಾರದಂತೆ ಹುಳುವಿನ ತಟ್ಟೆಗೆ ಎರಚುವ ಸುಣ್ಣ ಮೆತ್ತಿದ ಕೈಯಲ್ಲೇ ದೇವರಿಗೆ ಮುಗಿದರು.

ಜುಲೈ 12
ಒಂಬತ್ತು ಸಾವಿರ. ನಾರ್ಮಲ್. ಮಾವ ಸೆಕ್ಯೂರಿಟಿಯವನಿಗೂ ಲಡ್ಡು ಕೊಟ್ಟರು.
ನಾನು ಮತ್ತೆ ಮೈಕ್ರೋಸ್ಕೋಪಿಗೆ ಕೂತೆ. ಸ್ಲೈಡಿನಲ್ಲಿ ನೂರು ಬಿಳಿಕಣ ಎಣಿಸಿದರೆ, ಸೋಂಕಿನ ವಿರುದ್ಧ ಕಾವಲಿರುವ ಲಿಂಫೋಸೈಟ್ ಮೂರೇ. ಇಪ್ಪತ್ತಾದರೂ ಇರಬೇಕಿತ್ತು. ಮಿಕ್ಕವು ಹೆಚ್ಚೂಕಡಿಮೆ ಎಲ್ಲ ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿಕಣ, ಅದರಲ್ಲೂ ಬಲಿಯದೇ ಓಡಿಬಂದವು. ರೋಗ ಇಳಿದಿಲ್ಲ, ಕಾಯುವವರೇ ಮುಗಿಯುತ್ತಿದ್ದಾರೆ. ಡಾಕ್ಟರೂ ಇದನ್ನೇ ಹೇಳಿದರು. ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ 3
ಐಸಿಯುನಲ್ಲಿ ಹರಿಯ ಪಕ್ಕದ ಬೆಡ್ಡಿನವರು ತೀರಿಕೊಂಡರು. ಮಾವ ತೀರ್ಮಾನಿಸಿಬಿಟ್ಟರು — ಹರಿಯನ್ನು ಈಗಲೇ ಮನೆಗೆ ಕರೆದೊಯ್ಯುವುದು.
"ರೋಗದ ತಟ್ಟೇಲಿ ಚೆನ್ನಾಗಿರೋ ಹುಳ ಬಿಡ್ತಾರೇನಮ್ಮಾ? ಮೊದ್ಲು ಬೇರೆ ಮಾಡ್ಬೇಕು."
ಡಿಸ್ಚಾರ್ಜ್ ಫಾರಂ ಅವರ ಕೈಯಲ್ಲಿದೆ. ನಮ್ಮ ಯಜಮಾನರೂ ಅಪ್ಪನ ಪರ. "ಕೌಂಟ್ ಇಳಿದ್ರೆ ಸಾಕು ಅಂದೋಳು ನೀನೇ ಅಲ್ವೇನೇ?"
ನಾನೇ. ಆಡಿದ ಮಾತು ಕುತ್ತಿಗೆಗೆ ಬಂತು. ರಿಪೋರ್ಟ್ ಬಿಡಿಸಿ ಹೇಳುವುದು ಟೆಕ್ನಿಷಿಯನ್ ಕೆಲಸವಲ್ಲ. ಮಾವನಿಗೆ ಎದುರಾಡುವುದು ಸೊಸೆಯ ಕೆಲಸವಲ್ಲ. ಸುಮ್ಮನಿದ್ದರೆ ಹರಿ ದಾರಿಯಲ್ಲೇ… ಭಯವಾಗುತ್ತಿದೆ.

ಸಂಜೆ 4.40
ಮಾವನನ್ನು ಲ್ಯಾಬಿನೊಳಕ್ಕೆ ಕರೆದೆ. ಹೊರಗಿನವರು ಬರಬಾರದ ಜಾಗ. ಹುಳುಮನೆ ಕಾಯುವವರು, ಅದು ಅವರಿಗೆ ಹೇಳದೆಯೇ ಗೊತ್ತು. ಚಪ್ಪಲಿ ಬಿಟ್ಟು, ಕೈ ತೊಳೆದು ಬಂದರು. ಮೈಕ್ರೋಸ್ಕೋಪ್ ಮುಂದೆ ಕೂರಿಸಿದೆ.
"ನಾ ಅವತ್ತು ಹೇಳಿದ್ದು ತಪ್ಪು ಮಾವ. ರೋಗ ತಡೆಯೋ ಕಣ ಈ ದುಂಡಗಿನವು, ನೂರಕ್ಕೆ ಇಪ್ಪತ್ತಾದ್ರೂ ಇರ್ಬೇಕು. ಎಷ್ಟವೆ, ನೀವೇ ಎಣಿಸಿ."
ತಟ್ಟೆ ನೋಡಿಯೇ ಹುಳು ಎಷ್ಟೆಂದು ಹೇಳುವವರು. ಬಹಳ ಹೊತ್ತು ಬಗ್ಗಿದ್ದರು. ನಾನು ಸ್ಲೈಡ್ ಸರಿಸುತ್ತಾ ಹೋದೆ.
"ಮೂರು ಸಿಕ್ತು… ಮಿಕ್ಕವು ಎಲ್ಲಿ ಅಮ್ಮಾ?"
"ಅಷ್ಟೇ ಮಾವ."
ಫಾರಂ ಮಡಚಿ ಜೇಬಿಗೆ ಹಾಕಿಕೊಂಡರು. ಸಹಿ ಮಾಡಲಿಲ್ಲ. ಎದ್ದೂ ಹೋಗಲಿಲ್ಲ.
ಐಸಿಯುನಿಂದ ಹರಿಯ ಸಂಜೆಯ ಟ್ಯೂಬ್ ಬಂತು. ಸ್ಲೈಡಿಗೆ ಬಣ್ಣ ಹಾಕಿ ಒಣಗಲು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಒಣಗಿತು. ಇಟ್ಟೆ. ಮಾವ ಆಗಲೇ ಕಣ್ಣಿಟ್ಟಿದ್ದಾರೆ. ಬೆರಳು ಮಡಚಿ "ಒಂದು" ಅಂದರು. ಎರಡನೇ ಬೆರಳು ಇನ್ನೂ ಮಡಚಿಲ್ಲ, ಹುಡುಕುತ್ತಲೇ ಇದ್ದಾರೆ.